ನ್ಯಾಸವೆಂಬ ಇತಿಹಾಸ: ಬೆಂಗಳೂರಿನ ಪರಂಪರೆಯ ನಡಿಗೆಗಳು ಮತ್ತು ಉಪನ್ಯಾಸಗಳ ಕುರಿತೊಂದು ವಿಮರ್ಶೆ

ಬೆಂಗಳೂರಿನ ಹಳೆಯ ಪೇಟೆಯ ಬೀದಿಗಳಲ್ಲಿ, ಬಸವನಗುಡಿಯ ಸುತ್ತಮುತ್ತ, ದಂಡು ಪ್ರದೇಶದ ಮರಗಳ ನೆರಳಿನಲ್ಲಿ ರಜೆಯ ದಿನ ಬೆಳಗಿನ ಹೊತ್ತು ಇಪ್ಪತ್ತು ಮೂವತ್ತು ಜನರ ಗುಂಪೊಂದು ಮಾರ್ಗದರ್ಶಕನ ಹಿಂದೆ ನಡೆದು ಹೋಗುವುದು ಈಗ ಸಾಮಾನ್ಯವಾದ ನೋಟ. ಊರಿನ ಚರಿತ್ರೆಯನ್ನು ಕುರಿತ ಉಪನ್ಯಾಸಗಳು ನಡೆಯುತ್ತಿವೆ. ಶಾಲೆಯ ಮಕ್ಕಳಿಗೆ ಶಾಸನ ಓದುವ ಶಿಬಿರಗಳು ಏರ್ಪಡುತ್ತಿವೆ. ಸಮುದಾಯಗಳು ತಮ್ಮ ತಮ್ಮ ದೇವಾಲಯಗಳ ಪರಂಪರೆಯನ್ನು ಪರಿಚಯಿಸುವ ಉತ್ಸವಗಳನ್ನು ಹಮ್ಮಿಕೊಳ್ಳುತ್ತಿವೆ. ನಮ್ಮ ಸಮಾಜದ ಕುಟುಂಬಗಳೂ ಇವುಗಳಲ್ಲಿ ಉತ್ಸಾಹದಿಂದ ಭಾಗವಹಿಸುತ್ತಿವೆ. ಕೆಲವು ಬಸದಿಗಳ ಆಡಳಿತ ಮಂಡಳಿಗಳು ಇಂಥ ಗುಂಪುಗಳನ್ನು ಬರಮಾಡಿಕೊಳ್ಳುತ್ತಿವೆ, ಕೆಲವು ಬಾಗಿಲಲ್ಲಿಯೇ ಹಿಂದಿರುಗಿಸುತ್ತಿವೆ. ಸಂಗೀತ ಕಛೇರಿಗೆ ವಿಮರ್ಶೆಯುಂಟು, ನಾಟಕಕ್ಕೆ ಉಂಟು, ಗ್ರಂಥಕ್ಕೆ ಉಂಟು. ಸಾವಿರಾರು ಜನರ ಮನಸ್ಸಿನಲ್ಲಿ ಊರಿನ ಭೂತಕಾಲದ ಚಿತ್ರವನ್ನು ರೂಪಿಸುತ್ತಿರುವ ಈ ಕಾರ್ಯಕ್ರಮಗಳಿಗೆ ಮಾತ್ರ ಪ್ರಶಂಸೆಯ ವರದಿಗಳಿವೆಯೇ ಹೊರತು ವಿಮರ್ಶೆಯಿಲ್ಲ. ಆ ಕೊರತೆಯನ್ನು ಅಲ್ಪಮಟ್ಟಿಗಾದರೂ ತುಂಬುವುದು ಈ ಲೇಖನದ ಉದ್ದೇಶ.

ಮೊದಲು ಗುಣವನ್ನು ಹೇಳಬೇಕು. ಬೆಂಗಳೂರಿನಲ್ಲಿ ಇತಿಹಾಸವನ್ನು ಸಾರ್ವಜನಿಕರ ಮುಂದಿಡುವ ಪರಿಪಾಠ ನಿನ್ನೆ ಮೊನ್ನೆಯದಲ್ಲ. ಮಿಥಿಕ್ ಸೊಸೈಟಿ ಸ್ಥಾಪನೆಯಾದುದು 1909ರಲ್ಲಿ. ನೃಪತುಂಗ ರಸ್ತೆಯ ಡಾಲಿ ಸ್ಮಾರಕ ಭವನದಲ್ಲಿರುವ ಆ ಸಂಸ್ಥೆ ಉಪನ್ಯಾಸಗಳಿಂದಲೂ ತ್ರೈಮಾಸಿಕ ಪತ್ರಿಕೆಯಿಂದಲೂ ವಿದ್ವತ್ತಿನ ದೀಪವನ್ನು ಉರಿಸುತ್ತ ಬಂದಿದೆ. 1945ರಲ್ಲಿ ಆರಂಭವಾದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಮತ್ತು ಬಸವನಗುಡಿಯ ವಿಶ್ವಸಂಸ್ಕೃತಿ ಸಂಸ್ಥೆ ಶುಲ್ಕವಿಲ್ಲದ ಉಪನ್ಯಾಸಗಳನ್ನು ಕೇಳುವ ಅಭ್ಯಾಸವನ್ನು ಊರಿನ ಜನಕ್ಕೆ ಕಲಿಸಿದವು. ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ‘ಪರಿಚಯ್’ ಎಂಬ ಹೆಸರಿನಲ್ಲಿ ನಡಿಗೆಗಳನ್ನು ನಡೆಸುತ್ತ ಬಂದಿದೆ. 2018ರಲ್ಲಿ ಹೆಬ್ಬಾಳದಲ್ಲಿ ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲೊಂದು ಬೆಳಕಿಗೆ ಬಂದಿತು. ಕಿತ್ತಯ್ಯನೆಂಬ ವೀರನ ಮರಣವನ್ನು ಹೇಳುವ ಆ ಶಾಸನ ಬೆಂಗಳೂರಿನಲ್ಲಿ ದೊರೆತ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದೆಂದು ಗುರುತಿಸಲ್ಪಟ್ಟಿದೆ. ಅದನ್ನು ಕಾಪಾಡಲು ಮುಂದೆ ನಿಂತವರಲ್ಲಿ ಇತಿಹಾಸವನ್ನು ವೃತ್ತಿಯಾಗಿಸಿಕೊಳ್ಳದ ಸಾಮಾನ್ಯ ನಾಗರಿಕರೇ ಮುಖ್ಯರು. 2021ರಲ್ಲಿ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ನಗರದ ಶಾಸನಗಳ ಮೂರು ಆಯಾಮದ ಗಣಕಚಿತ್ರಗಳನ್ನು ತೆಗೆದಿಡುವ ಕೆಲಸವೂ ಮೊದಲಾಯಿತು. ಸವೆದು ಕಣ್ಣಿಗೆ ಕಾಣದ ಅಕ್ಷರವೂ ಆ ಚಿತ್ರದಲ್ಲಿ ಎದ್ದು ತೋರುತ್ತದೆ. ಆದ್ದರಿಂದ ಈ ಕಾರ್ಯಕ್ರಮಗಳೆಲ್ಲ ಬರಿಯ ಕಾಲಹರಣವೆಂದು ತಳ್ಳಿಹಾಕುವುದು ನ್ಯಾಯವಾಗದು. ಅವುಗಳಿಂದಲೇ ಉಳಿದ ಕಲ್ಲುಗಳು ನಮ್ಮ ಕಣ್ಣ ಮುಂದಿವೆ.

ಇನ್ನು ದೋಷಗಳನ್ನು ನೋಡೋಣ. ಮೊದಲನೆಯದು ಕಥೆಯನ್ನು ಚರಿತ್ರೆಯ ಪೀಠದಲ್ಲಿ ಕೂರಿಸುವುದು. ಬೇಟೆಗೆ ಬಂದು ದಾರಿತಪ್ಪಿದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಊರು ‘ಬೆಂದಕಾಳೂರು’ ಆಯಿತು ಎಂಬ ಕಥೆಯನ್ನು ಕೇಳದ ಮಗು ಈ ನಗರದಲ್ಲಿ ಇರಲಾರದು. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದುದು 1173ರಲ್ಲಿ. ಆದರೆ ಬೇಗೂರಿನ ದೇವಾಲಯದ ಆವರಣದಲ್ಲಿ ದೊರೆತ, ಕ್ರಿ.ಶ. 900ರ ಸುಮಾರಿನ ಹಳಗನ್ನಡ ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರು ಸ್ಪಷ್ಟವಾಗಿದೆ. ಅಂದರೆ ಕಾಳು ಬೇಯುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು. ಈ ಶಾಸನ ಪ್ರಕಟವಾಗಿ ಬಹುಕಾಲ ಸಂದಿದೆ. ಹೀಗಿದ್ದೂ ಎಷ್ಟೋ ನಡಿಗೆಗಳಲ್ಲಿ ಬೆಂದ ಕಾಳಿನ ಕಥೆಯೇ ಮೊದಲ ಪಾಠವಾಗಿ ಸಾಗಿದೆ. ಶಾಸನದ ಮಾತು ಬಂದರೂ ಕೊನೆಯಲ್ಲಿ, ಒಂದು ವಾಕ್ಯದಲ್ಲಿ ಬಂದು ಹೋಗುತ್ತದೆ.

ಇಲ್ಲಿ ಒಂದು ಸಮರ್ಥನೆಯನ್ನು ನಮ್ಮವರ ಬಾಯಲ್ಲಿಯೇ ಕೇಳುವುದುಂಟು: ‘ಜೈನರದು ಅನೇಕಾಂತವಲ್ಲವೇ? ಕಥೆಯೂ ಒಂದು ಸತ್ಯ, ಶಾಸನವೂ ಒಂದು ಸತ್ಯ.’ ಅನೇಕಾಂತವನ್ನು ಇಷ್ಟು ಸಡಿಲವಾಗಿ ಬಳಸುವುದು ಆ ಮಹಾತತ್ತ್ವಕ್ಕೆ ಮಾಡುವ ಅಪಚಾರ. ವಸ್ತುವಿಗೆ ಅನೇಕ ಧರ್ಮಗಳಿವೆ, ಒಂದೊಂದು ನಯವೂ ಒಂದೊಂದು ಧರ್ಮವನ್ನು ಹಿಡಿದು ಹೇಳುತ್ತದೆ ಎಂಬುದು ಅದರ ತಾತ್ಪರ್ಯ. ಹೇಳಿದುದೆಲ್ಲವೂ ಸರಿ ಎಂಬುದಲ್ಲ. ಯಾವ ಅಪೇಕ್ಷೆಯಿಂದ ಈ ಮಾತು ಸತ್ಯ ಎಂದು ಕೇಳುವುದೇ ಸ್ಯಾದ್ವಾದದ ಜೀವಾಳ. ಬೆಂದ ಕಾಳಿನ ಕಥೆ ಜನಮನದ ಅಪೇಕ್ಷೆಯಿಂದ ಸತ್ಯ: ದೊರೆಯೂ ಹಸಿಯುತ್ತಾನೆ, ಬಡವಳ ಅನ್ನಕ್ಕೂ ಒಂದು ಊರಿನ ಹೆಸರಾಗುವ ಯೋಗ್ಯತೆಯುಂಟು ಎಂದು ನಂಬಿದ ಜನ ಇಲ್ಲಿದ್ದರು ಎಂಬುದನ್ನು ಅದು ತಿಳಿಸುತ್ತದೆ. ಊರಿನ ಹೆಸರಿನ ಹುಟ್ಟಿನ ಅಪೇಕ್ಷೆಯಿಂದ ಅದು ಸತ್ಯವಲ್ಲ. ಮಾರ್ಗದರ್ಶಕ ಈ ಎರಡನ್ನೂ ಬೇರ್ಪಡಿಸಿ ಹೇಳಿದರೆ ಕಥೆಯ ಸೊಗಸೂ ಕೆಡುವುದಿಲ್ಲ, ಚರಿತ್ರೆಯೂ ಉಳಿಯುತ್ತದೆ.

ಬೇಗೂರಿನ ಶಾಸನವನ್ನು ಪೂರ್ಣವಾಗಿ ವಿವರಿಸದ ಕಾರಣ ನಾವು ಕಳೆದುಕೊಳ್ಳುತ್ತಿರುವುದು ಇನ್ನೊಂದಿದೆ. ಅದು ‘ಬೆಂಗಳೂರ ಕಾಳಗ’ದ ಮಾತನ್ನು ಆಡುತ್ತದೆ, ಆ ಕಾಳಗದಲ್ಲಿ ನಾಗತ್ತರನ ಕಡೆಯವನೊಬ್ಬ ಮಡಿದುದನ್ನು ನೆನೆಯುತ್ತದೆ. ಹೆಬ್ಬಾಳದ ಕಲ್ಲೂ ಮಡಿದವನೊಬ್ಬನ ನೆನಪೇ. ಇಂದು ಜಗತ್ತಿಗೆಲ್ಲ ಪರಿಚಿತವಾದ ಈ ನಗರದ ಹೆಸರು ಬರವಣಿಗೆಯಲ್ಲಿ ನಮಗೆ ದೊರೆಯುವುದು ಒಬ್ಬ ಮನುಷ್ಯನ ಹತ್ಯೆಯ ಜೊತೆಯಲ್ಲಿ. ಅಹಿಂಸೆಯನ್ನು ಪರಮಧರ್ಮವೆಂದು ಬಗೆದ ಓದುಗನಿಗೆ ಈ ಸಂಗತಿ ಚಿಂತನೆಗೆ ಯೋಗ್ಯವಲ್ಲವೇ? ಗಂಗರ ನಾಡಿನಲ್ಲಿ ವೀರಗಲ್ಲೂ ನಿಂತಿತು, ನಿಸಿದಿಗಲ್ಲೂ ನಿಂತಿತು. ಒಂದು, ಆಯುಧ ಹಿಡಿದು ಮಡಿದವನ ಗುರುತು. ಇನ್ನೊಂದು, ಕಷಾಯಗಳನ್ನು ತೊರೆದು ಸಲ್ಲೇಖನದಿಂದ ದೇಹ ಬಿಟ್ಟವರ ಗುರುತು. ಒಂದೇ ಕಾಲದ, ಒಂದೇ ಲಿಪಿಯ ಈ ಎರಡು ಬಗೆಯ ಕಲ್ಲುಗಳನ್ನು ಜೊತೆಯಾಗಿಟ್ಟು ವಿವರಿಸುವ ಒಂದು ಉಪನ್ಯಾಸ ಮಕ್ಕಳಿಗೆ ಹತ್ತು ನೀತಿಪಾಠಗಳಿಗಿಂತ ಹೆಚ್ಚನ್ನು ಕಲಿಸಬಲ್ಲದು. ಬೇಗೂರಿನಿಂದ ತಂದ, ಗಂಗ ನೊಳಂಬರ ಯುದ್ಧವನ್ನು ಕೆತ್ತಿದ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 1865ರಲ್ಲಿ ಸ್ಥಾಪನೆಯಾದ ಆ ಸಂಗ್ರಹಾಲಯದ ಎದುರಿನಲ್ಲಿ ಹಾದುಹೋಗುವ ನಮ್ಮ ಕುಟುಂಬಗಳಲ್ಲಿ ಎಷ್ಟು ಜನ ಒಳಹೊಕ್ಕು ಅದರ ಮುಂದೆ ನಿಂತಿದ್ದಾರೆ?

ಎರಡನೆಯ ದೋಷ ಅವಸರ. ಎರಡು ಗಂಟೆಗಳಲ್ಲಿ ಹನ್ನೆರಡು ಸ್ಥಳಗಳು. ಪ್ರತಿ ಸ್ಥಳದಲ್ಲಿ ಹತ್ತು ನಿಮಿಷ, ಅದರಲ್ಲಿ ಐದು ನಿಮಿಷ ಛಾಯಾಚಿತ್ರಕ್ಕೆ. ಕೊನೆಗೆ ಹೆಸರಾಂತ ಉಪಾಹಾರಗೃಹದಲ್ಲಿ ದೋಸೆ. ತಿಂಡಿಯ ಮೇಲೆ ಆಕ್ಷೇಪವಿಲ್ಲ. ಆದರೆ ನೋಡುವುದು ನಿಧಾನದ ಕೆಲಸ ಎಂಬುದಕ್ಕೆ ಶ್ರವಣಬೆಳಗೊಳವೇ ಸಾಕ್ಷಿ. ಬಿ.ಎಲ್. ರೈಸ್ ಅವರು 1889ರಲ್ಲಿ ಅಲ್ಲಿನ ಶಾಸನಗಳನ್ನು ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರು ಮತ್ತೆ ಬೆಟ್ಟ ಹತ್ತಿ, ಊರು ಕೇರಿ ಸುತ್ತಿ 1923ರಲ್ಲಿ ಪರಿಷ್ಕೃತ ಸಂಪುಟವನ್ನು ತಂದಾಗ ಅದು 500 ಆಯಿತು. 1973ರ ಪರಿಷ್ಕರಣದಲ್ಲಿ 573ಕ್ಕೆ ಏರಿತು. ಈ ನಡುವೆ ಬೆಟ್ಟ ಬೆಳೆಯಲಿಲ್ಲ. ನೋಡುವ ಕಣ್ಣು ಬೆಳೆಯಿತು. ಲಕ್ಷಾಂತರ ಯಾತ್ರಿಕರು ಕಾಲಿಟ್ಟು ಹೋದ ಬಂಡೆಯ ಮೇಲೆಯೇ ಆ ಅಕ್ಷರಗಳಿದ್ದವು. ಹನ್ನೆರಡು ಸ್ಥಳಗಳನ್ನು ಓಡುತ್ತ ತೋರಿಸುವ ಬದಲು ಒಂದೇ ಕಲ್ಲಿನ ಮುಂದೆ ಒಂದು ಗಂಟೆ ನಿಲ್ಲಿಸಿ, ಅಕ್ಷರ ಅಕ್ಷರವನ್ನು ಬೆರಳಿಟ್ಟು ತೋರಿಸಿ ಓದಿಸುವ ನಡಿಗೆ ಹೆಚ್ಚು ಶ್ರೇಷ್ಠವೆಂದು ಹೇಳಲು ಹಿಂಜರಿಯಬೇಕಾಗಿಲ್ಲ. ಈರ್ಯಾಸಮಿತಿ ನೆಲವನ್ನು ನೋಡಿ ನಡೆ ಎನ್ನುತ್ತದೆ. ಜೀವಿಗಳ ರಕ್ಷಣೆಗಾಗಿ ವಿಧಿಸಿದ ಆ ಎಚ್ಚರ ಅಕ್ಷರಗಳ ರಕ್ಷಣೆಗೂ ಒದಗುತ್ತದೆ.

ಮೂರನೆಯ ದೋಷ ಇನ್ನೂ ಸೂಕ್ಷ್ಮವಾದುದು. ಅದು ಸಮುದಾಯದ ಅಭಿಮಾನಕ್ಕೆ ಸಂಬಂಧಿಸಿದ್ದು. ಪ್ರತಿಯೊಂದು ಸಮಾಜವೂ ತನ್ನ ಪರಂಪರೆಯ ಕಾರ್ಯಕ್ರಮವನ್ನು ಏರ್ಪಡಿಸಿದಾಗ ಅದು ಆತ್ಮಪ್ರಶಂಸೆಯ ಸಭೆಯಾಗುವ ಅಪಾಯವಿದೆ. ನಮ್ಮ ವೇದಿಕೆಗಳೂ ಇದಕ್ಕೆ ಹೊರತಲ್ಲ. ‘ಈ ಗುಡಿ ಮೊದಲು ಬಸದಿಯಾಗಿತ್ತು, ಆ ಗುಡಿಯೂ ನಮ್ಮದೇ’ ಎಂಬ ಮಾತು ಉಪನ್ಯಾಸಗಳಲ್ಲಿ ಕೇಳಿಬರುತ್ತದೆ, ಸಭೆ ಚಪ್ಪಾಳೆ ತಟ್ಟುತ್ತದೆ. ಎಲ್ಲಿ ಶಾಸನದ ಆಧಾರವಿದೆಯೋ ಅಲ್ಲಿ ನಿರ್ಭಯವಾಗಿ ಹೇಳೋಣ. ಬಸದಿಗಳು ಹಾಳಾದುದೂ ರೂಪಾಂತರಗೊಂಡುದೂ ಕರ್ನಾಟಕದ ಚರಿತ್ರೆಯಲ್ಲಿ ಸತ್ಯವೇ; ಅದನ್ನು ಮರೆಮಾಚುವುದು ಸೌಜನ್ಯವಲ್ಲ. ಆದರೆ ಆಧಾರವಿಲ್ಲದೆಡೆ ಕೇವಲ ಊಹೆಯಿಂದ ಹೇಳಿದ ಮಾತು ಇನ್ನೊಬ್ಬರ ಶ್ರದ್ಧೆಯನ್ನು ನೋಯಿಸುತ್ತದೆ. ಕಾಲ ಕೆಟ್ಟಿದ್ದರೆ ಕಲಹಕ್ಕೂ ಕಾರಣವಾಗುತ್ತದೆ. ಸತ್ಯವನ್ನು ತಿಳಿಯುವ ಇಚ್ಛೆ ಬೇರೆ, ಭೂತಕಾಲವನ್ನು ಆಸ್ತಿಯನ್ನಾಗಿ ಪಡೆಯುವ ಇಚ್ಛೆ ಬೇರೆ. ಎರಡನೆಯದು ಪರಿಗ್ರಹವೇ ಸರಿ. ಹೊಲ ಮನೆಗಳಿಗೆ ಪರಿಮಾಣ ಹಾಕಿಕೊಂಡ ಶ್ರಾವಕ ಚರಿತ್ರೆಯ ವಿಷಯದಲ್ಲಿಯೂ ಒಂದು ಪರಿಮಾಣವನ್ನು ಹಾಕಿಕೊಳ್ಳುವುದು ಒಳ್ಳೆಯದು.

ಇದಕ್ಕೆ ಮಾದರಿ ನಮ್ಮ ಬಳಿಯಲ್ಲಿಯೇ ಇದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ಹುಟ್ಟಿದ ವಿವಾದವನ್ನು ವಿಜಯನಗರದ ಬುಕ್ಕರಾಯ ಬಗೆಹರಿಸಿದ ಸಂಗತಿಯನ್ನು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಬೆಳಗೊಳದ ರಕ್ಷಣೆಯ ಮತ್ತು ಜಿನಾಲಯಗಳ ಜೀರ್ಣೋದ್ಧಾರದ ಏರ್ಪಾಟಿನ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ ವಹಿಸಲಾಯಿತು. ನಮ್ಮ ಉಪನ್ಯಾಸಕರು ಈ ಶಾಸನವನ್ನು ಎರಡು ಬಗೆಯಲ್ಲಿ ಅರ್ಧಕ್ಕೆ ನಿಲ್ಲಿಸುತ್ತಾರೆ. ಕೆಲವರು ಜೈನರಿಗಾದ ಅನ್ಯಾಯವನ್ನಷ್ಟೇ ಹೇಳುತ್ತಾರೆ. ಕೆಲವರು ಸೌಹಾರ್ದವನ್ನಷ್ಟೇ ಹೇಳುತ್ತಾರೆ, ಏನೂ ಜಗಳವೇ ನಡೆದಿರಲಿಲ್ಲವೆಂಬಂತೆ. ಶಾಸನ ಮಾತ್ರ ಎರಡನ್ನೂ ಬರೆದಿದೆ: ದೂರೂ ಇದೆ, ತೀರ್ಪೂ ಇದೆ. ಬರೆದವರಿಗೆ ಇದ್ದ ಈ ಪ್ರಾಮಾಣಿಕತೆ ಓದುವವರಿಗೆ ಇರಬೇಡವೇ?

ನಾಲ್ಕನೆಯ ಮಾತು ದೇವಾಲಯಗಳ ನ್ಯಾಸಗಳಿಗೆ, ಅಂದರೆ ಟ್ರಸ್ಟುಗಳಿಗೆ, ನೇರವಾಗಿ ಸಂಬಂಧಿಸಿದ್ದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಮಿಥ್ಯೋಪದೇಶ, ಕೂಟಲೇಖಕ್ರಿಯೆಗಳ ಜೊತೆಗೆ ‘ನ್ಯಾಸಾಪಹಾರ’ವೂ ಒಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ಬಗೆ ಗಮನಾರ್ಹ: ಒಬ್ಬನು ತಾನು ಇಟ್ಟ ಒತ್ತೆಯ ಲೆಕ್ಕವನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿ ಕೊಡುವುದೇ ನ್ಯಾಸಾಪಹಾರ. ಅವನು ಕದಿಯಲಿಲ್ಲ; ಮರೆತವನ ಮರೆವಿಗೆ ಹೂಂಗುಟ್ಟಿದ, ಅಷ್ಟೇ. ಆದರೂ ಅದು ವ್ರತಕ್ಕೆ ಕಳಂಕ. ಪರಂಪರೆಯ ವಿಷಯದಲ್ಲಿ ನಮ್ಮ ಸ್ಥಿತಿ ಇದಕ್ಕಿಂತ ಭಿನ್ನವೇ? ಹಿಂದಿನವರು ಇಟ್ಟು ಹೋದುದರ ಲೆಕ್ಕವನ್ನು ಸಮಾಜ ಮರೆತಿದೆ. ಅದನ್ನು ಕಾಯುವ ಹೊಣೆ ಹೊತ್ತವರು ಮರೆವನ್ನೇ ಸೌಕರ್ಯವೆಂದು ಭಾವಿಸಿದರೆ, ಆ ದೋಷಕ್ಕೆ ಬೇರೆ ಹೆಸರಿಲ್ಲ.

ಜೀರ್ಣೋದ್ಧಾರದ ಹೆಸರಿನಲ್ಲಿ ನಡೆಯುವುದನ್ನು ನೋಡಿ. ಹಳೆಯ ಕಲ್ಲುಹಾಸನ್ನು ಕಿತ್ತು ಹೊಳಪಿನ ಗ್ರಾನೈಟ್ ಹಾಸುತ್ತಾರೆ. ಕಿತ್ತ ಕಲ್ಲಿನ ಅಡಿಮೈಯಲ್ಲಿ ಬರಹವಿತ್ತೇ ಎಂದು ನೋಡುವವರಿಲ್ಲ. ಕಂಬಕ್ಕೆ ಎಣ್ಣೆಬಣ್ಣ ಬಳಿಯುತ್ತಾರೆ. ಅಕ್ಷರದ ಗೀರುಗಳು ಬಣ್ಣದಿಂದ ತುಂಬಿಹೋಗುತ್ತವೆ. ಸುಣ್ಣ ಹೊಡೆದು ಹೊಡೆದು ಶಾಸನ ಗೋಡೆಯಾಗುತ್ತದೆ. ಮರಳಿನ ಧಾರೆಯಿಂದ ಉಜ್ಜಿದಾಗ ಸಾವಿರ ವರ್ಷ ಉಳಿದಿದ್ದ ಗೆರೆ ಒಂದು ಮಧ್ಯಾಹ್ನದಲ್ಲಿ ಅಳಿಸುತ್ತದೆ. ಇದರಲ್ಲಿ ಯಾರಿಗೂ ದುರುದ್ದೇಶವಿಲ್ಲ. ದಾನಿಗಳ ಭಕ್ತಿ ನಿರ್ಮಲವಾದುದೇ. ಆದರೆ ಹೊಸ ದಾನಿಯ ಹೆಸರಿನ ಅಮೃತಶಿಲೆಯ ಫಲಕವನ್ನು ನಿಲ್ಲಿಸಲು ಹಳೆಯ ದಾನಿಯ ಹೆಸರಿನ ಕಲ್ಲನ್ನು ಒಡೆದರೆ, ದಾನದ ಪರಂಪರೆಗೇ ಕೊಡಲಿ ಇಟ್ಟಂತೆ. ಇಂದಿನ ಫಲಕಕ್ಕೂ ನಾಳೆ ಅದೇ ಗತಿ ಬರದೆಂದು ಯಾರು ಹೇಳಬಲ್ಲರು?

ಮುಚ್ಚಿಡುವುದರಿಂದ ರಕ್ಷಣೆಯಾಗುತ್ತದೆ ಎಂಬ ವಾದವೂ ಇದೆ. ಅದನ್ನು ಲಘುವಾಗಿ ಕಾಣಬಾರದು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳು ಉಳಿದುದೇ ಕಾವಲಿನ ಕಟ್ಟುನಿಟ್ಟಿನಿಂದ. ಶತಮಾನಗಳ ಕಾಲ ಅವು ದರ್ಶನದ ವಸ್ತುವಾಗಿದ್ದವು, ಓದಿನ ವಸ್ತುವಾಗಿರಲಿಲ್ಲ. 1896ರಿಂದ 1922ರವರೆಗೆ ಪ್ರತಿಗಳನ್ನು ಮಾಡುವ ಕಾರ್ಯ ನಡೆಯಿತು. 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಕಾದವರಿಲ್ಲದಿದ್ದರೆ ಗ್ರಂಥ ಉಳಿಯುತ್ತಿರಲಿಲ್ಲ. ತೆರೆದವರಿಲ್ಲದಿದ್ದರೆ ಗ್ರಂಥ ನಮ್ಮದಾಗುತ್ತಿರಲಿಲ್ಲ. ಕಾಯುವುದು ಮತ್ತು ತೆರೆಯುವುದು ಒಂದೇ ಧರ್ಮದ ಎರಡು ಕೈಗಳು. ಆದ್ದರಿಂದ ನಡಿಗೆಯ ಗುಂಪನ್ನು ಬಾಗಿಲಲ್ಲಿ ತಡೆಯುವ ಆಡಳಿತ ಮಂಡಳಿಯೂ, ಪೂಜೆಯ ಹೊತ್ತಿನಲ್ಲಿಯೇ ಸದ್ದು ಮಾಡುತ್ತ ನುಗ್ಗುವ ಗುಂಪೂ ಸಮಾನವಾಗಿ ತಪ್ಪುಗಾರರು. ಪೂಜೆಯಿಲ್ಲದ ವೇಳೆಯನ್ನು ಗೊತ್ತುಮಾಡಿ, ಗರ್ಭಗೃಹದ ಮರ್ಯಾದೆಯನ್ನು ತಿಳಿಸಿ, ಪ್ರಾಕಾರದ ಶಿಲೆಗಳನ್ನು ತೋರಿಸುವ ಏರ್ಪಾಟು ಕಷ್ಟವಾದುದಲ್ಲ.

ಕಾರ್ಯಕ್ರಮಗಳ ಆಯ್ಕೆಯಲ್ಲಿಯೂ ನಮ್ಮ ಸಮಾಜದ ಉದಾಸೀನತೆ ಎದ್ದು ಕಾಣುತ್ತದೆ. ಬೆಂಗಳೂರಿನಿಂದ ಶ್ರವಣಬೆಳಗೊಳಕ್ಕೆ ಬಸ್ಸುಗಳು ತುಂಬಿ ಹೋಗುತ್ತವೆ, ಹೋಗಲೇಬೇಕು. ಆದರೆ ಅದಕ್ಕಿಂತ ಬಹು ಸಮೀಪದಲ್ಲಿ, ನೆಲಮಂಗಲ ತಾಲ್ಲೂಕಿನಲ್ಲಿ ಮಣ್ಣೆ ಇದೆ. ಗಂಗರ ಕಾಲದಲ್ಲಿ ಅದು ಮಾನ್ಯಪುರ. ರಾಜಧಾನಿಯ ಗೌರವವನ್ನು ಪಡೆದ ಊರು. ಗಂಗ ಮಾರಸಿಂಹನ ಸೇನಾಪತಿ ಶ್ರೀವಿಜಯನು ಅಲ್ಲಿ ಜಿನಾಲಯವನ್ನು ಕಟ್ಟಿಸಿ ದತ್ತಿ ಬಿಟ್ಟುದನ್ನು ಕ್ರಿ.ಶ. 797ರ ತಾಮ್ರಶಾಸನ ಹೇಳುತ್ತದೆ. ಗೊಮ್ಮಟನನ್ನು ಚಾವುಂಡರಾಯ ನಿಲ್ಲಿಸಿದ ಕಾಲಕ್ಕೆ ಆ ದತ್ತಿಗೆ ಆಗಲೇ ಎರಡು ಶತಮಾನಗಳ ಸಮೀಪ ವಯಸ್ಸಾಗಿತ್ತು. ವರ್ಷಕ್ಕೊಮ್ಮೆಯಾದರೂ ಮಣ್ಣೆಗೆ ಒಂದು ಅಧ್ಯಯನ ಯಾತ್ರೆಯನ್ನು ಏರ್ಪಡಿಸುವುದು ನಗರದ ನಮ್ಮ ಸಂಘಗಳಿಗೆ ಭಾರವಾಗಬೇಕೇ? ಪವಾಡವಿದ್ದಲ್ಲಿಗೆ, ವೈಭವವಿದ್ದಲ್ಲಿಗೆ ಮಾತ್ರ ಹೋಗುವುದು ಯಾತ್ರೆಯಾದೀತು, ಪರಂಪರೆಯ ಅರಿವು ಆಗದು. ಹಾಳಾದುದನ್ನು ನೋಡಿ ಬರುವುದೂ ಅನಿತ್ಯಾನುಪ್ರೇಕ್ಷೆಯ ಒಂದು ಪಾಠ.

ಹಾಗಾದರೆ ಒಳ್ಳೆಯ ನಡಿಗೆ, ಒಳ್ಳೆಯ ಉಪನ್ಯಾಸ ಯಾವುದು? ನಮ್ಮ ಶಾಸ್ತ್ರಕಾರರು ವಸ್ತುವನ್ನು ವಿಚಾರಿಸಲು ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕನ್ನು ಹೇಳಿದ್ದಾರೆ. ಮಾರ್ಗದರ್ಶಕನಿಗೆ ಇದಕ್ಕಿಂತ ಉತ್ತಮವಾದ ಒರೆಗಲ್ಲು ಬೇಕಿಲ್ಲ. ಆಧಾರವಾದ ವಸ್ತು ಯಾವುದು, ಕಲ್ಲೋ ತಾಮ್ರವೋ ಬಾಯಿಮಾತೋ ಎಂದು ಹೇಳಲಿ. ಅದು ಎಲ್ಲಿ ದೊರೆಯಿತು, ಈಗ ಎಲ್ಲಿದೆ ಎಂದು ತಿಳಿಸಲಿ. ಯಾವ ಕಾಲದ್ದು, ಆ ಕಾಲವನ್ನು ಲಿಪಿಯಿಂದ ನಿರ್ಣಯಿಸಿದರೋ ಶಕವರ್ಷದ ಉಲ್ಲೇಖದಿಂದಲೋ ಎಂಬುದನ್ನು ಬಿಡಿಸಲಿ. ಬರೆಸಿದವನ ಭಾವವೇನು, ಭಕ್ತಿಯೋ ಕೀರ್ತಿಯೋ ಶೋಕವೋ ಎಂದು ಕೇಳುಗರನ್ನು ಯೋಚನೆಗೆ ಹಚ್ಚಲಿ. ಕನ್ನಡದಲ್ಲಿ ಹೇಳಲಿ, ಆ ಬೀದಿಯಲ್ಲಿಯೇ ಹುಟ್ಟಿ ಬೆಳೆದ ಹೂವಾಡಗಿತ್ತಿಗೂ ಅರ್ಚಕರಿಗೂ ಅರ್ಥವಾಗುವಂತೆ ಹೇಳಲಿ, ಅವರ ನೆನಪುಗಳನ್ನೂ ಕೇಳಲಿ. ತಮ್ಮ ಬೀದಿಯ ಚರಿತ್ರೆ ತಮಗೆ ತಿಳಿಯದ ಭಾಷೆಯಲ್ಲಿ ತಮ್ಮೆದುರಿಗೇ ನಡೆದುಹೋಗುವಾಗ ಅವರು ಬರಿಯ ಪ್ರೇಕ್ಷಕರಾಗಿ ನಿಲ್ಲಬೇಕಾದುದು ಸರಿಯಲ್ಲ.

ನ್ಯಾಸಗಳು ಮಾಡಬಹುದಾದುದು ಇನ್ನೂ ಸರಳ. ಪ್ರತಿ ಬಸದಿಯಲ್ಲಿ ಒಂದು ದಾಖಲೆ ಪುಸ್ತಕವಿರಲಿ: ಎಷ್ಟು ಮೂರ್ತಿಗಳು, ಪಾದಪೀಠದ ಮೇಲೆ ಬರಹವುಂಟೇ, ಎಷ್ಟು ಶಾಸನಗಳು, ಎಷ್ಟು ಓಲೆಗರಿಯ ಕಟ್ಟುಗಳು. ದುರಸ್ತಿಯ ಮೊದಲ ಕಲ್ಲನ್ನು ಎತ್ತುವ ಮುನ್ನ ಎಲ್ಲದರ ಛಾಯಾಚಿತ್ರ ತೆಗೆಸಿ, ಪುರಾತತ್ತ್ವ ಇಲಾಖೆಗೆ ತಿಳಿಸಲಿ. ಶಾಸನಕ್ಕೆ ಎಣ್ಣೆ ಬಣ್ಣಗಳು ತಾಗದಂತೆ ನೋಡಿಕೊಳ್ಳಲಿ. ಸಂಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. 1976ರ ತಿದ್ದುಪಡಿಯಿಂದ ಸೇರಿದ ಆ ಕರ್ತವ್ಯ ಶ್ರಾವಕನಿಗೆ ಹೊಸದಲ್ಲ. ಒತ್ತೆಯಿಟ್ಟುದನ್ನು ಪೂರ್ಣವಾಗಿ ಹಿಂದಿರುಗಿಸು ಎಂಬ ವ್ರತದಲ್ಲಿಯೇ ಅದು ಅಡಗಿದೆ. ಮುಂದಿನ ಪರ್ಯೂಷಣದ ಹೊತ್ತಿಗೆ ನಮ್ಮ ಊರುಗಳ ಪ್ರತಿ ಬಸದಿಯಲ್ಲಿ ಆ ದಾಖಲೆ ಪುಸ್ತಕದ ಮೊದಲ ಪುಟವಾದರೂ ತುಂಬಿದ್ದರೆ, ನಡಿಗೆಗಳಿಗೆ ಬಂದವರಿಗೆ ತೋರಿಸಲು ನಮ್ಮ ಬಳಿ ಕಥೆಗಿಂತ ಗಟ್ಟಿಯಾದುದೊಂದು ಇರುತ್ತದೆ.